ಹದಿನಾಲ್ಕು ಮಕ್ಕಳ ದಣಿವಿನ ಲೆಕ್ಕ: ಒಂದು ನೋಟ್‌ಬುಕ್, ಒಂದು ಜಿಗಿತದ ಹಲಗೆ, ಐದು ತಿಂಗಳು

ಶಿವಮೊಗ್ಗದಲ್ಲಿ ಎರಡು ಕೋರ್ಟುಗಳ ಶೆಡ್ ಒಂದನ್ನು ಬಾಡಿಗೆಗೆ ಹಿಡಿದು ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುತ್ತೇನೆ. ಸ್ಪರ್ಧೆಗಳಿಗೆ ಹೋಗುವ ತಂಡದಲ್ಲಿ 14 ಮಕ್ಕಳಿದ್ದಾರೆ, 11ರಿಂದ 17 ವರ್ಷದವರು. 2025ರ ಫೆಬ್ರವರಿಯಲ್ಲಿ ಅವರಲ್ಲೊಬ್ಬಳು, 15ರ ಹುಡುಗಿ, ಬಲಗಾಲಿನ ಕಣಕಾಲ ನೋವನ್ನು ಮೂರು ವಾರ ಯಾರಿಗೂ ಹೇಳದೆ ಆಡಿದಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದಾಗ ಎಲುಬಿನಲ್ಲಿ ಒತ್ತಡದ ಬಿರುಕು ಶುರುವಾಗಿರುವುದು ತಿಳಿಯಿತು. ಎಂಟು ವಾರ ಓಟವಿಲ್ಲ, ಜಿಗಿತವಿಲ್ಲ. ವೈದ್ಯರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಹೋದ ಒಂದು ತಿಂಗಳಲ್ಲಿ ಈಕೆ ವಾರಕ್ಕೆ ಎಷ್ಟು ಆಡಿದ್ದಾಳೆ, ಎಷ್ಟು ಜೋರಾಗಿ? ನನ್ನ ಬಳಿ ಹಾಜರಿ ಪುಸ್ತಕವಿತ್ತು. ಉತ್ತರವಿರಲಿಲ್ಲ.

ಆ ಉತ್ತರ ನನ್ನ ಕೈಯಲ್ಲಿರಬೇಕೆಂದು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮಾಡಿದ ಕೆಲಸದ ದಾಖಲೆ ಇದು. ನನ್ನಂತೆ ಸಣ್ಣ ಊರಿನಲ್ಲಿ ಕಲಿಸುವವರಿಗೆ ಉಪಯೋಗವಾಗಲಿ ಎಂದು ಖರ್ಚನ್ನೂ ತಪ್ಪುಗಳನ್ನೂ ಇದ್ದ ಹಾಗೆ ಬರೆದಿದ್ದೇನೆ.

ಹಂತ 1: ಅಂಕದ ಪಟ್ಟಿ (ಏಪ್ರಿಲ್ 7ರಿಂದ 20)

ಆರಿಸಿಕೊಂಡ ವಿಧಾನ ತೀರಾ ಸರಳ. ಅಮೆರಿಕದ ಕ್ರೀಡಾವಿಜ್ಞಾನಿ ಕಾರ್ಲ್ ಫಾಸ್ಟರ್ 1990ರ ದಶಕದಲ್ಲಿ ರೂಪಿಸಿದ್ದು. ಅಭ್ಯಾಸ ಮುಗಿದ ಮೇಲೆ ಆಟಗಾರನನ್ನೇ ಕೇಳಬೇಕು, ಇವತ್ತು ಒಟ್ಟಾರೆ ಎಷ್ಟು ಕಷ್ಟವಾಯಿತು? ಅವನು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಹೇಳುತ್ತಾನೆ. ಅದನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸಿದರೆ ಆ ದಿನದ ಹೊರೆ. 120 ನಿಮಿಷ, ಅಂಕ 6, ಹೊರೆ 720. ಇದಕ್ಕೆ ಬೇಕಾದದ್ದು ಉದ್ದದ ನೋಟ್‌ಬುಕ್ ಎರಡು (120 ರೂಪಾಯಿ) ಮತ್ತು ಗೋಡೆಗೆ ಅಂಟಿಸುವ ಪಟ್ಟಿ (ಮುದ್ರಣಕ್ಕೆ 80 ರೂಪಾಯಿ).

ಮೊದಲ ತಪ್ಪು ಮೊದಲ ದಿನವೇ ಆಯಿತು. ಇಂಗ್ಲಿಷ್ ಪಟ್ಟಿಯನ್ನು ಹಾಗೆಯೇ ಮುದ್ರಿಸಿ ಅಂಟಿಸಿದೆ. ನಾಲ್ಕು ದಿನ ಹೆಚ್ಚುಕಡಿಮೆ ಎಲ್ಲರೂ 5 ಎಂದೇ ಬರೆದರು. ‘ಮಾಡರೇಟ್’ ಎಂದರೆ ಮೈಯಲ್ಲಿ ಹೇಗಿರುತ್ತದೆ ಎಂದು ಹನ್ನೊಂದು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು? ಶನಿವಾರ ಎಲ್ಲರನ್ನೂ ನೆಟ್ ಪಕ್ಕ ಕೂರಿಸಿಕೊಂಡು ಒಂದೊಂದು ಅಂಕಕ್ಕೂ ಅವರಿಂದಲೇ ಮಾತು ಕೇಳಿದೆ. 1: ಏನೂ ಅನಿಸಲಿಲ್ಲ. 2: ಸಲೀಸು. 3: ಹದವಾಗಿತ್ತು. 4: ಸ್ವಲ್ಪ ಕಷ್ಟ. 5: ಕಷ್ಟ, ಆದರೆ ಮಾತನಾಡಬಹುದು. 7: ಮಾತು ಬೇಡ, ನೀರು ಬೇಕು. 9: ಕಾಲು ನನ್ನದಲ್ಲ. 10: ಇನ್ನೊಂದು ಹೆಜ್ಜೆಯೂ ಆಗದು. ‘ಕಾಲು ನನ್ನದಲ್ಲ’ ಎಂದದ್ದು ತಂಡದ ಅತಿ ಚಿಕ್ಕ ಹುಡುಗಿ. ಈ ಪಟ್ಟಿ ಬಂದ ಮೇಲೆ ಅಂಕಗಳು 2ರಿಂದ 9ರವರೆಗೆ ಹರಡಿಕೊಂಡವು.

ಎರಡನೆಯ ತಪ್ಪು, ಬಿಳಿ ಹಲಗೆಯ ಮೇಲೆ ಹೆಸರಿನ ಮುಂದೆ ಎಲ್ಲರೆದುರಿಗೆ ಬರೆಸಿದ್ದು. ಗೆಳೆಯ 4 ಎಂದು ಬರೆದ ಮೇಲೆ 8 ಎಂದು ಬರೆಯಲು ಯಾವ ಹುಡುಗನಿಗೂ ಮನಸ್ಸು ಬರುವುದಿಲ್ಲ. ಹಲಗೆ ತೆಗೆದು ಚೀಟಿಗಳನ್ನು ಮಾಡಿದೆ.

ಮೂರನೆಯದು ಸಮಯದ್ದು. ಮುಗಿದ ಕೂಡಲೇ ಕೇಳಿದರೆ ಕೊನೆಯ ಹತ್ತು ನಿಮಿಷದ ಕಷ್ಟವನ್ನೇ ಇಡೀ ಅಭ್ಯಾಸದ ಕಷ್ಟವೆಂದು ಹೇಳುತ್ತಾರೆ, ಅದಕ್ಕೆ ಅರ್ಧ ಗಂಟೆ ಬಿಟ್ಟು ಕೇಳಬೇಕು. ಅಷ್ಟರಲ್ಲಿ ಮಕ್ಕಳು ಮನೆ ಸೇರಿರುತ್ತಾರೆ. ಮೊಬೈಲ್ ಸಂದೇಶದಲ್ಲಿ ಅಂಕ ಕಳಿಸಿ ಎಂದೆ. ಒಂದು ವಾರ ಚೆನ್ನಾಗಿಯೇ ಬಂದವು. ಆಮೇಲೆ ಒಬ್ಬ ಹುಡುಗನ ಅಂಕ ಅಭ್ಯಾಸ ಮುಗಿಯುವ ಮೊದಲೇ ಬಂತು. ವಿಚಾರಿಸಿದರೆ ಅಂಕ ಹಾಕುತ್ತಿದ್ದವರು ಅಪ್ಪ. ಇನ್ನೂ ಮೂರು ಮನೆಗಳಲ್ಲಿ ಹೀಗೆಯೇ ನಡೆದಿತ್ತು. ಅವರ ಮೇಲೆ ನನಗೆ ಬೇಸರವಿಲ್ಲ, ಏಕೆ ಕೇಳುತ್ತಿದ್ದೇನೆಂದು ನಾನು ವಿವರಿಸಿ ಹೇಳಿರಲಿಲ್ಲ. ಈಗ ಅಭ್ಯಾಸ ಮುಗಿದ ಮೇಲೆ ನೆಟ್ ಮಡಚುವುದು, ಶಟಲ್ ಆರಿಸುವುದು, ಬೂಟು ಬಿಚ್ಚಿ ನೀರು ಕುಡಿಯುವುದು ಎಲ್ಲ ಸೇರಿ ಹದಿನೈದು ಇಪ್ಪತ್ತು ನಿಮಿಷವಾಗುತ್ತದೆ. ಬಾಗಿಲ ಬಳಿ ನಿಂತು ಒಬ್ಬೊಬ್ಬರ ಚೀಟಿ ತೆಗೆದುಕೊಳ್ಳುತ್ತೇನೆ. ಅರ್ಧ ಗಂಟೆಯಲ್ಲವಾದರೂ ಮಗುವಿನದೇ ಅಂಕ.

ಹಂತ 2: ನನ್ನ ಕೆಂಪು ಶಾಯಿ (ಏಪ್ರಿಲ್ 21ರಿಂದ ಮೇ 4)

ಅಭ್ಯಾಸಕ್ಕೆ ಮೊದಲೇ ಇವತ್ತು ಎಷ್ಟಿರಬೇಕೆಂದು ಕೆಂಪು ಶಾಯಿಯಲ್ಲಿ ನನ್ನ ಅಂಕವನ್ನೂ ಬರೆಯತೊಡಗಿದೆ. ಇದನ್ನು ಮಾಡದಿದ್ದರೆ ಈ ಐದು ತಿಂಗಳ ಅರ್ಧ ಕಲಿಕೆ ತಪ್ಪಿಹೋಗುತ್ತಿತ್ತು.

ಏಪ್ರಿಲ್ 24, ಗುರುವಾರ. ನನ್ನ ಪ್ರಕಾರ ಹಗುರ ದಿನ. ಕೆಂಪಿನಲ್ಲಿ 3. ಮಕ್ಕಳ ಸರಾಸರಿ 6ಕ್ಕಿಂತ ಮೇಲೆ ಬಂತು, ಇಬ್ಬರು 8 ಬರೆದಿದ್ದರು. ಸ್ಮ್ಯಾಶ್ ಇಲ್ಲ, ಪಂದ್ಯವಿಲ್ಲ, ಬರೀ ನೆಟ್ ಆಟ. ನಾನು ಎದುರು ನಿಂತು ಬುಟ್ಟಿಯಿಂದ ಒಂದರ ಹಿಂದೊಂದು ಶಟಲ್ ಎಸೆಯುತ್ತಿದ್ದೆ, ಮಕ್ಕಳು ಮುಂದಿನ ಎರಡು ಮೂಲೆಗೆ ಹೋಗಿ ಎತ್ತಬೇಕು. ಮರುದಿನ ಅದೇ ಅಭ್ಯಾಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ರಾತ್ರಿ ಕುಳಿತು ಎಣಿಸಿದೆ. ಬಲಗೈ ಆಟಗಾರ ನೆಟ್ ಬಳಿ ಹೋಗುವಾಗ ಕೊನೆಯ ದೊಡ್ಡ ಹೆಜ್ಜೆ ಬಲಗಾಲಿನದು. ಹಿಮ್ಮಡಿ ನೆಲಕ್ಕೆ ಅಪ್ಪಳಿಸಿ, ಮೊಣಕಾಲು ಬಾಗಿ, ಇಡೀ ಮೈಭಾರ ಆ ಒಂದು ಕಾಲಿನ ಮೇಲೆ ನಿಂತು, ಅದೇ ಕಾಲಿನಿಂದ ಹಿಂದಕ್ಕೆ ತಳ್ಳಿಕೊಳ್ಳಬೇಕು. ಹನ್ನೆರಡು ನಿಮಿಷದಲ್ಲಿ ಒಬ್ಬ ಹುಡುಗ ಇದನ್ನು 94 ಬಾರಿ ಮಾಡಿದ್ದ. ಬುಟ್ಟಿ ಹಿಡಿದು ನಿಂತಲ್ಲೇ ನಿಂತಿದ್ದ ನನಗೆ ಅದು ಹಗುರವಾಗಿ ಕಂಡಿತ್ತು. ಶೆಡ್ಡಿನ ನೆಲ ಕಾಂಕ್ರೀಟು, ಮೇಲೆ ತೆಳು ಸಿಂಥೆಟಿಕ್ ಮ್ಯಾಟ್. ಆ ಹುಡುಗಿಯ ಕಣಕಾಲಿಗೆ ಏನಾಗಿತ್ತೆಂದು ಆ ರಾತ್ರಿ ನನಗೆ ಅರ್ಥವಾಗತೊಡಗಿತು.

ಈಗ ಬುಟ್ಟಿಯ ಅಭ್ಯಾಸವನ್ನು ಭಾರದ ದಿನಗಳಿಗೆ ಸೇರಿಸಿದ್ದೇನೆ. ಒಂದು ಸರದಿಗೆ 12 ಶಟಲ್, ಆಮೇಲೆ ಒಂದು ನಿಮಿಷ ಬಿಡುವು, ಒಬ್ಬರಿಗೆ ಐದು ಸರದಿ.

ಹಂತ 3: ಬೆಳಗಿನ ನಾಲ್ಕು ಪ್ರಶ್ನೆ, ನಾಡಿ, ರಬ್ಬರ್ ಮುದ್ರೆ (ಮೇ 5ರಿಂದ 25)

ಹೊರೆ ಒಂದು ಕಡೆಯಾದರೆ ಚೇತರಿಕೆ ಇನ್ನೊಂದು ಕಡೆ. ನಿದ್ದೆ, ಮೈಕೈ ನೋವು, ದಣಿವು, ಮನಸ್ಸು ಎಂಬ ನಾಲ್ಕು ಅಂಕಣ ಮಾಡಿ ಅಭ್ಯಾಸಕ್ಕೆ ಬಂದ ಕೂಡಲೇ 1ರಿಂದ 5ರೊಳಗೆ ಬರೆಸಿದೆ. ಇದು ಮೊದಲಿನಿಂದಲೂ ಚೆನ್ನಾಗಿ ನಡೆಯಿತು, ಹೇಳುವುದು ಹೆಚ್ಚಿಲ್ಲ.

ನಾಡಿ ಮಾತ್ರ ಕೈಕೊಟ್ಟಿತು. ಎದೆಗೆ ಕಟ್ಟುವ ಪಟ್ಟಿ 14 ಮಕ್ಕಳಿಗೆ ಕೊಳ್ಳುವ ಮಾತೇ ಇರಲಿಲ್ಲ. ಎದ್ದ ಕೂಡಲೇ ಹಾಸಿಗೆಯಲ್ಲೇ ಮಣಿಕಟ್ಟಿನ ಮೇಲೆ ಬೆರಳಿಟ್ಟು ಎಣಿಸಿ ಬರೆದುಕೊಂಡು ಬನ್ನಿ ಎಂದೆ. ಮೊದಲ ಐದು ದಿನದ 70 ಅಂಕಿಗಳಲ್ಲಿ 52 ನಾಲ್ಕರಿಂದ ಭಾಗವಾಗುವಂಥವು: 64, 68, 72, 76. ಮಕ್ಕಳು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದರು. ಒಂದು ಬಡಿತ ಹೆಚ್ಚುಕಡಿಮೆಯಾದರೆ ಉತ್ತರದಲ್ಲಿ ನಾಲ್ಕು ವ್ಯತ್ಯಾಸ. ನಾನು ಹುಡುಕುತ್ತಿದ್ದ ಏರಿಳಿತವೂ ಅಷ್ಟೇ ಆದ್ದರಿಂದ ಆ ಅಂಕಿಗಳಿಂದ ಏನೂ ತಿಳಿಯುವಂತಿರಲಿಲ್ಲ. ಪೂರ್ತಿ ಅರವತ್ತು ಸೆಕೆಂಡು ಎಣಿಸಿ ಎಂದ ಮೇಲೆ ಮೂವರು ಮಾತ್ರ ನಿಷ್ಠೆಯಿಂದ ಮಾಡಿದರು. ಆ ಮೂವರದು ಮುಂದುವರಿದಿದೆ, ಉಳಿದವರದು ಬಿಟ್ಟೆ.

ಬಿಟ್ಟದ್ದರ ಜಾಗಕ್ಕೆ ಬಂದದ್ದು ರಬ್ಬರ್ ಮುದ್ರೆ. ಹಿಂದೆ ಮುಂದೆ ಎರಡು ಮನುಷ್ಯಾಕೃತಿಗಳಿರುವ, ಎರಡು ಅಂಗುಲ ಎತ್ತರದ ಮುದ್ರೆಯನ್ನು ಅಂಗಡಿಯಲ್ಲಿ ಹೇಳಿ ಮಾಡಿಸಿದೆ, 150 ರೂಪಾಯಿ. ಪ್ರತಿ ಚೀಟಿಯ ಮೇಲೆ ಒತ್ತುತ್ತೇನೆ. ಎಲ್ಲಿ ನೋವಿದೆಯೋ ಅಲ್ಲಿ ಮಗು ಚುಕ್ಕೆ ಇಟ್ಟು ಪಕ್ಕದಲ್ಲಿ ಅಂಕ ಬರೆಯುತ್ತದೆ. ‘ನೋವಿದೆಯಾ?’ ಎಂದು ಬಾಯಲ್ಲಿ ಕೇಳಿದಾಗ ‘ಇಲ್ಲ ಸಾರ್’ ಎನ್ನುತ್ತಿದ್ದ ಮಕ್ಕಳೇ ಮೊದಲ ವಾರ 23 ಚುಕ್ಕೆ ಇಟ್ಟರು. ಹನ್ನೊಂದು ಬಲ ಮೊಣಕಾಲಿನ ಮೇಲೆ, ಐದು ಬಲ ಭುಜದ ಮೇಲೆ.

ಹಂತ 4: ಜಿಗಿತದ ಹಲಗೆ (ಮೇ 26ರಿಂದ ಜೂನ್ 29)

ಅಂಕಗಳು ಮಗುವಿನ ಮಾತು. ಕಾಲು ಏನು ಹೇಳುತ್ತದೆ ಎಂಬುದಕ್ಕೆ ಒಂದು ಅಳತೆ ಬೇಕಿತ್ತು. ಸೊಂಟದ ಮೇಲೆ ಕೈಯಿಟ್ಟು ನೇರ ಮೇಲೆ ಜಿಗಿದರೆ ಗಾಳಿಯಲ್ಲಿದ್ದ ಸಮಯದಿಂದ ಎತ್ತರ ಸಿಗುತ್ತದೆ: ಸಮಯದ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಬೇಕು. ಅರ್ಧ ಸೆಕೆಂಡಿಗೆ 30.7 ಸೆಂಟಿಮೀಟರ್. ಈ ಸಮಯ ಅಳೆಯಲು ಅಂಗಡಿಯಲ್ಲಿ ಸಿಗುವ ಸಂಪರ್ಕ ಚಾಪೆಯ ಬೆಲೆ ನನ್ನ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು. ಹಾಗಾಗಿ ಮನೆಯಲ್ಲೇ ಮಾಡಲು ಕುಳಿತೆ.

ತತ್ತ್ವ ಇಷ್ಟೇ: ಲೋಹದ ಎರಡು ಪದರ, ನಡುವೆ ತೂತುಗಳಿರುವ ಮೆತ್ತನೆಯ ಹಾಸು. ಮೇಲೆ ನಿಂತರೆ ಪದರಗಳು ತೂತುಗಳ ಮೂಲಕ ಮುಟ್ಟುತ್ತವೆ, ಜಿಗಿದರೆ ಬಿಡುತ್ತವೆ. ಆರ್ಡುಯಿನೊ ಎಂಬ, ಪ್ರೋಗ್ರಾಮು ಬರೆದು ನಡೆಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡು (480 ರೂಪಾಯಿ) ಆ ಬಿಡುವಿನ ಸಮಯ ಎಣಿಸಿ ಎರಡು ಸಾಲಿನ ಸಣ್ಣ ಪರದೆಯಲ್ಲಿ (210) ತೋರಿಸುತ್ತದೆ. ವಿದ್ಯುತ್ತಿಗೆ ಹಳೆಯ ಮೊಬೈಲ್ ಚಾರ್ಜರ್. ತಳಕ್ಕೆ 12 ಮಿಲಿಮೀಟರ್ ಪ್ಲೈವುಡ್, ಎರಡು ಅಡಿಗೆ ಎರಡೂವರೆ ಅಡಿ (340).

ಮೊದಲ ಪ್ರಯತ್ನ: ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ (90). ಒಂಬತ್ತನೆಯ ಜಿಗಿತಕ್ಕೆ ಹರಿಯಿತು. ಹೋಗಲಿ ಎಂದರೆ ತಂತಿಯ ಬೆಸುಗೆಯೂ ಅದಕ್ಕೆ ಹಿಡಿಯಲಿಲ್ಲ.

ಎರಡನೆಯದು: ತೆಳು ತಗಡಿನ ಎರಡು ಹಾಳೆ (420). ನೋಡಲು ಗಟ್ಟಿಮುಟ್ಟಾಗಿತ್ತು. ಎರಡು ದಿನ ಸರಿಯಾಗಿ ನಡೆಯಿತು. ಮೂರನೆಯ ದಿನ ಯಾರೂ ನಿಲ್ಲದಿದ್ದರೂ ಪರದೆ ‘ನಿಂತಿದ್ದಾರೆ’ ಎಂದು ತೋರಿಸತೊಡಗಿತು. ಹಿಮ್ಮಡಿ ಬೀಳುವ ಜಾಗದಲ್ಲಿ ತಗಡು ತಗ್ಗಾಗಿ ಕೆಳಗಿನ ಹಾಳೆಗೆ ಅಂಟಿಕೊಂಡಿತ್ತು. ತಟ್ಟಿ ಸರಿಮಾಡಿದೆ, ಮರುದಿನ ಮತ್ತೆ ತಗ್ಗು. 420 ರೂಪಾಯಿ ನೀರಿಗೆ ಹೋಯಿತು.

ಮೂರನೆಯದು ನಿಂತಿತು, ಆ ಸಲಹೆ ಬಂದದ್ದು ನಮ್ಮ ರಸ್ತೆಯ ರೇಡಿಯೊ ರಿಪೇರಿ ಅಂಗಡಿಯ ಹಿರಿಯರಿಂದ. ತಗಡು ನೋಡಿ ಅವರು ಹೇಳಿದ್ದು: ‘ಮೇಷ್ಟ್ರೇ, ಬಾಗಿದ ಮೇಲೆ ತಾನೇ ನೆಟ್ಟಗಾಗುವ ಲೋಹ ಬೇಕು ನಿಮಗೆ. ಕಿಟಕಿಗೆ ಹಾಕುವ ಸ್ಟೀಲಿನ ಸೊಳ್ಳೆ ಜಾಲರಿ ಹಾಕಿ ನೋಡಿ.’ ಜಾಲರಿಗೆ 260 ರೂಪಾಯಿ. ನಡುವೆ ಹಾಸಲು 4 ಮಿಲಿಮೀಟರ್ ದಪ್ಪದ ಯೋಗ ಮ್ಯಾಟ್ (390). ತೂತು ಹೊಡೆಯಲು ಲೇತಿನಲ್ಲಿ ಅಂಚು ಚೂಪು ಮಾಡಿಸಿದ ಕಬ್ಬಿಣದ ಕೊಳವೆ ತುಂಡು (50), ಮೇಲ್ಹೊದಿಕೆಗೆ ರಬ್ಬರ್ ಹಾಳೆ (180). ಸ್ಟೀಲಿಗೂ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ, ಹಾಗಾಗಿ ತಂತಿಯನ್ನು ಎರಡು ವಾಷರುಗಳ ನಡುವೆ ಸಿಕ್ಕಿಸಿ ಬೋಲ್ಟು ಬಿಗಿದೆ. ಜಾಲರಿಯ ಅಂಚಿನ ಎಳೆಗಳು ಸೂಜಿಯಂತೆ ಚುಚ್ಚುತ್ತವೆ, ಸುತ್ತಲೂ ದಪ್ಪ ಬಟ್ಟೆ ಮಡಚಿ ಹೊಲಿಯಬೇಕು. ಇದನ್ನು ನಾನು ಕೈ ಕುಯ್ದುಕೊಂಡ ಮೇಲೆ ಮಾಡಿದೆ, ನೀವು ಮೊದಲೇ ಮಾಡಿ.

ತೂತುಗಳನ್ನು ಮೊದಲು 25 ಮಿಲಿಮೀಟರ್ ಅಗಲಕ್ಕೆ, ಆರು ಸೆಂಟಿಮೀಟರಿಗೊಂದರಂತೆ ಹೊಡೆದಿದ್ದೆ. ದೊಡ್ಡ ಮಕ್ಕಳಿಗೆ ಸರಿಹೋಯಿತು. 31 ಕಿಲೋ ತೂಕದ ಹುಡುಗಿ ತುದಿಗಾಲಲ್ಲಿ ಇಳಿದಾಗ ಜಾಲರಿಗಳು ಮುಟ್ಟಲೇ ಇಲ್ಲ, ಅವಳಿಗೆ 50 ಸೆಂಟಿಮೀಟರ್ ಜಿಗಿತ ಬಂತು. ಅವಳು ಕುಣಿದಾಡಿದಳು. ನಾನು ಅದು ಹಲಗೆಯ ತಪ್ಪೆಂದು ಹೇಳಬೇಕಾಯಿತು. ತೂತುಗಳನ್ನು 35 ಮಿಲಿಮೀಟರಿಗೆ ಹಿಗ್ಗಿಸಿದ ಮೇಲೆ ಸರಿಯಾಯಿತು.

ಪ್ರೋಗ್ರಾಮಿನಲ್ಲಿ ನಾನು ಮಾಡಿದ ತಪ್ಪು ಒಂದು ವಾರ ತಿಂದಿತು. ಪಾದ ಬಿಡುವ ಕ್ಷಣದಲ್ಲಿ ಜಾಲರಿಗಳು ಕೆಲವು ಮಿಲಿಸೆಕೆಂಡು ಪಟಪಟ ಬಡಿಯುತ್ತವೆ. ಅದನ್ನು ತಪ್ಪಿಸಲು ಪ್ರತಿ ಸುತ್ತಿನಲ್ಲೂ 50 ಮಿಲಿಸೆಕೆಂಡು ಕಾಯುವ ಸಾಲೊಂದನ್ನು ಹಾಕಿದ್ದೆ. ಅಲ್ಲಿಗೆ ಗಡಿಯಾರವೇ 50 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ನಡೆಯತೊಡಗಿತು. ಒಬ್ಬನೇ ಹುಡುಗ ಒಂದೇ ನಿಮಿಷದಲ್ಲಿ ಜಿಗಿದದ್ದು 30.7, 37.1, 30.7. ನಡುವೆ ಒಂದೂ ಅಂಕಿ ಇಲ್ಲ. ಅಂಕಿಗಳು ಹೀಗೆ ಎರಡೇ ಮನೆಯಲ್ಲಿ ಕೂತಾಗಲೇ ನನಗೆ ಹೊಳೆಯಬೇಕಿತ್ತು. ಹುಡುಗನಿಗೆ ‘ಒಂದೇ ಸಮನೆ ಜಿಗಿಯುವುದನ್ನು ಕಲಿ’ ಎಂದು ಗದರಿದ್ದೆ, ಆಮೇಲೆ ಕರೆದು ಕ್ಷಮೆ ಕೇಳಿದೆ. ಈಗಿನ ಪ್ರೋಗ್ರಾಮು ಎಲ್ಲೂ ಕಾಯುವುದಿಲ್ಲ. ಸಂಪರ್ಕ ತಪ್ಪಿ 100 ಮಿಲಿಸೆಕೆಂಡು ಹಾಗೆಯೇ ಉಳಿದರೆ ಮಾತ್ರ ಅದು ಜಿಗಿತ. ತಪ್ಪಿದ ಕ್ಷಣವೇ ಆರಂಭ, ಆಮೇಲಿನ ಮೊದಲ ಸ್ಪರ್ಶವೇ ಅಂತ್ಯ. 250ರಿಂದ 800 ಮಿಲಿಸೆಕೆಂಡಿನ ಆಚೀಚಿನದನ್ನು ಎಸೆಯುತ್ತದೆ.

ಜೂನ್ ಮೂರನೆಯ ವಾರ ಮಳೆ ಜೋರಾಯಿತು. ಒದ್ದೆ ಸಾಕ್ಸು, ತೇವ ಕುಡಿದ ಹಾಸು, ಹಲಗೆ ಮತ್ತೆ ತಾನಾಗಿ ‘ನಿಂತಿದ್ದಾರೆ’ ಎನ್ನತೊಡಗಿತು. ಜಾಲರಿಗಳು ಮುಟ್ಟದಿದ್ದಾಗ ‘ಸಂಪರ್ಕವಿಲ್ಲ’ ಎಂದು ಹಿಡಿದಿಡುವ, ಬೋರ್ಡಿನೊಳಗಿನ ರೋಧಕ (ರೆಸಿಸ್ಟರ್) ಬಹಳ ದುರ್ಬಲ, 20ರಿಂದ 50 ಕಿಲೋಓಮ್. ತೇವದ ಮೂಲಕ ಸೋರುವ ಅಷ್ಟಿಷ್ಟು ವಿದ್ಯುತ್ತೇ ಅದನ್ನು ಮೋಸಗೊಳಿಸುತ್ತದೆ. ಹೊರಗಿನಿಂದ ಒಂದು ಕಿಲೋಓಮಿನ ರೋಧಕ ಹಾಕಿದ ಮೇಲೆ ತೇವದ ಕಾಟವೂ, ನಾಲ್ಕು ಮೀಟರ್ ತಂತಿ ಹಿಡಿದು ತರುತ್ತಿದ್ದ ದೀಪಗಳ ವಿದ್ಯುತ್ ಗದ್ದಲವೂ ಒಟ್ಟಿಗೆ ನಿಂತವು. ಆ ರೋಧಕದ ಬೆಲೆ ಒಂದು ರೂಪಾಯಿ. ತಂತಿ, ಬೆಸುಗೆ, ಬೋಲ್ಟು ಎಲ್ಲ ಸೇರಿ 110.

ಪರೀಕ್ಷೆಗೆ ಮೊಬೈಲಿನ ನಿಧಾನಗತಿ ವಿಡಿಯೊ ಬಳಸಿದೆ, ಸೆಕೆಂಡಿಗೆ 240 ಚೌಕಟ್ಟು. ಇಪ್ಪತ್ತು ಜಿಗಿತಗಳಲ್ಲಿ ಹಲಗೆ ಸುಮಾರು 9 ಮಿಲಿಸೆಕೆಂಡು ಹೆಚ್ಚು ತೋರಿಸಿತು, ಎಂದರೆ ಒಂದು ಸೆಂಟಿಮೀಟರಿನಷ್ಟು. ಕಾಲ್ಬೆರಳು ಪೂರ್ತಿ ಬಿಡುವ ಮೊದಲೇ ಹಾಸು ಜಾಲರಿಯನ್ನು ಮೇಲಕ್ಕೆ ತಳ್ಳುತ್ತದೆ, ಅದೇ ಕಾರಣ. ತಿದ್ದಲು ಹೋಗಲಿಲ್ಲ. ಅದೇ ಮಗುವನ್ನು ಅದೇ ಹಲಗೆಯ ಮೇಲೆ ಅದರ ನಿನ್ನೆಯೊಂದಿಗೆ ಹೋಲಿಸುವುದು ನನ್ನ ಕೆಲಸ, ಬೇರೆ ಊರಿನವರೊಂದಿಗೆ ಅಲ್ಲ.

ನಿಯಮ ಇಷ್ಟು. ಸೋಮವಾರ ಮತ್ತು ಗುರುವಾರ, ಮೈ ಬಿಸಿಯಾದ ಮೇಲೆ ಮೂರು ಜಿಗಿತ, ಮೂರರ ಸರಾಸರಿ. ಗಾಳಿಯಲ್ಲಿ ಮೊಣಕಾಲು ಮಡಚಿ ಸಮಯ ಗಳಿಸುವ ಉಪಾಯವನ್ನು ಹುಡುಗರು ಎರಡನೆಯ ದಿನವೇ ಕಂಡುಹಿಡಿದರು, ಆದ್ದರಿಂದ ನೇರ ಕಾಲಲ್ಲಿ ತುದಿಗಾಲಿಗೆ ಇಳಿಯದಿದ್ದರೆ ಮತ್ತೆ ಜಿಗಿಯಬೇಕು. ಪ್ರತಿ ಮಗುವಿಗೂ ಮೊದಲ ಎರಡು ವಾರದ ಏರಿಳಿತ ಬರೆದಿಟ್ಟಿದ್ದೇನೆ, ಹೆಚ್ಚಿನವರದು ಸರಾಸರಿಯ ಆಚೀಚೆ ಒಂದೂವರೆ ಸೆಂಟಿಮೀಟರ್. ಅದಕ್ಕಿಂತ ಕೆಳಗೆ ಸತತ ಎರಡು ಬಾರಿ ಇಳಿದರೆ ಕುಳಿತು ಮಾತನಾಡುತ್ತೇನೆ.

ಹಂತ 5: ಖಾಲಿ ಬಿಟ್ಟ ಭಾನುವಾರ (ಜೂನ್ 30ರಿಂದ ಜುಲೈ 6)

ಇದು ನನ್ನ ಅತಿ ದೊಡ್ಡ ತಪ್ಪು.

ನೋಟ್‌ಬುಕ್ಕಿನ ಅಂಕಿಗಳನ್ನು ಕಂಪ್ಯೂಟರಿನ ಕೋಷ್ಟಕಕ್ಕೆ ಹಾಕಿ ಫಾಸ್ಟರ್ ಹೇಳಿದ ಇನ್ನೆರಡು ಲೆಕ್ಕ ಮಾಡಿದೆ. ಏಕತಾನತೆ: ವಾರದ ದಿನಸರಾಸರಿ ಹೊರೆಯನ್ನು ಅದರ ಪ್ರಮಾಣ ವಿಚಲನೆಯಿಂದ (ದಿನದ ಹೊರೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯಿಂದ) ಭಾಗಿಸಿದ್ದು. ದಿನದಿಂದ ದಿನಕ್ಕೆ ಏರಿಳಿತವಿಲ್ಲದಿದ್ದರೆ ಈ ಅಂಕಿ ಮೇಲೇರುತ್ತದೆ, 2 ದಾಟಿದರೆ ಎಚ್ಚರ ವಹಿಸಬೇಕು. ಒತ್ತಡಾಂಕ: ವಾರದ ಒಟ್ಟು ಹೊರೆಯನ್ನು ಏಕತಾನತೆಯಿಂದ ಗುಣಿಸಿದ್ದು.

16 ವರ್ಷದ ಒಬ್ಬ ಹುಡುಗನ ವಾರ ಹೀಗಿತ್ತು: 720, 720, 660, 720, 600, 750, ಭಾನುವಾರ ರಜೆ. ಒಟ್ಟು 4,170. ಕೋಷ್ಟಕ ಕೊಟ್ಟ ಏಕತಾನತೆ 12.6. ಒತ್ತಡಾಂಕ ಐವತ್ತೆರಡು ಸಾವಿರದ ಮೇಲೆ. ಬಹುತೇಕ ಮಕ್ಕಳದು ಹೀಗೆಯೇ. ಫೆಬ್ರವರಿಯ ನೆನಪು ಇನ್ನೂ ಹಸಿಯಾಗಿತ್ತು, ಹೆದರಿಬಿಟ್ಟೆ. ಇಡೀ ತಂಡದ ಅಭ್ಯಾಸವನ್ನು ಒಂದು ವಾರ ಅರ್ಧಕ್ಕಿಳಿಸಿದೆ, ಮುಂದಿನ ವಾರ ಜಿಲ್ಲಾ ಪಂದ್ಯಗಳಿದ್ದರೂ. ಇಬ್ಬರ ತಂದೆತಾಯಿ ಬಂದು ಕೇಳಿದರು. ಅಂಕಿ ತೋರಿಸಿ ಸಮಾಧಾನ ಹೇಳಿ ಕಳಿಸಿದೆ.

ಶನಿವಾರ ರಾತ್ರಿ ಅದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿದಾಗ ಬಂದದ್ದು 2.23. ಮೂರು ಬಾರಿ ಮಾಡಿದೆ, 2.23. ಭಾನುವಾರದ ಮನೆಯನ್ನು ನಾನು ಖಾಲಿ ಬಿಟ್ಟಿದ್ದೆ. ಖಾಲಿ ಮನೆಯನ್ನು ಕೋಷ್ಟಕ ಎಣಿಸುವುದೇ ಇಲ್ಲ, ಆರೇ ದಿನದ ವಾರವೆಂದು ಲೆಕ್ಕ ಹಾಕುತ್ತದೆ. ಅಲ್ಲಿ ಸೊನ್ನೆ ಬರೆಯಬೇಕಿತ್ತು. ಸರಿಯಾದ ಒತ್ತಡಾಂಕ ಸುಮಾರು 9,300. ಭಾನುವಾರ ಆ ಎರಡು ಮನೆಗಳಿಗೂ ಹೋಗಿ ನನ್ನ ಲೆಕ್ಕ ತಪ್ಪಿತ್ತೆಂದು ಹೇಳಿ ಬಂದೆ. ಈಗ ಪ್ರತಿ ಸೋಮವಾರ ಹೊಸ ಹಾಳೆ ತೆರೆದು ಮೊದಲು ಏಳೂ ಮನೆಗೆ ಸೊನ್ನೆ ತುಂಬುತ್ತೇನೆ, ಆಮೇಲೆ ಅಂಕಿ ಹಾಕುತ್ತೇನೆ.

ಆದರೂ 2.23 ಚಿಕ್ಕದೇನಲ್ಲ.

ಹಂತ 6: ಹಳೆಯ ಹಾಜರಿ ಪುಸ್ತಕ (ಜುಲೈ 7ರಿಂದ 20)

ಈ ಏಕತಾನತೆ ಮೊದಲಿನಿಂದಲೂ ಇತ್ತೇ ಎಂದು ನೋಡಲು 2022ರ ಹಾಜರಿ ಪುಸ್ತಕ ತೆಗೆದೆ. ಆಗ ನಾವು ಆಡುತ್ತಿದ್ದದ್ದು ಒಂದು ಕಲ್ಯಾಣಮಂಟಪದಲ್ಲಿ. ಪುಟಗಳಲ್ಲಿ ಅಲ್ಲಲ್ಲಿ ನನ್ನದೇ ಕೈಬರಹ: ‘ಮದುವೆ, ಆಟವಿಲ್ಲ’. ‘ಆರತಕ್ಷತೆ, ಸಂಜೆ ಇಲ್ಲ’. ‘ನಾಮಕರಣ’. ಏಪ್ರಿಲ್, ಮೇ ತಿಂಗಳಲ್ಲಂತೂ ವಾರಕ್ಕೆ ಎರಡು ಮೂರು ದಿನ ಹೀಗೆ ಹೋಗಿದೆ. ಆಗ ಪ್ರತಿ ಮುಹೂರ್ತಕ್ಕೂ ನಾನು ಮಂಟಪದ ಮ್ಯಾನೇಜರ ಬಳಿ ಗೊಣಗಿದ್ದೆ. 2023ರ ಕೊನೆಗೆ ಈ ಶೆಡ್ ಸಿಕ್ಕಿದಾಗ ಇನ್ನು ಒಂದು ದಿನವೂ ತಪ್ಪದೆ ಕಲಿಸಬಹುದು ಎಂದು ಹಿಗ್ಗಿದ್ದೆ.

2022ರ ಪುಸ್ತಕದ ಹಿಂಬದಿಯಲ್ಲಿ ಗಾಯದಿಂದ ವಾರಕ್ಕಿಂತ ಹೆಚ್ಚು ತಪ್ಪಿಸಿಕೊಂಡವರ ಪಟ್ಟಿ ಇದೆ: ಇಡೀ ವರ್ಷಕ್ಕೆ ಇಬ್ಬರು. 2024ರ ಪುಸ್ತಕದಲ್ಲಿ ಏಳು. ಮಕ್ಕಳು ಬೇರೆ, ವಯಸ್ಸು ಬೇರೆ, ನೆಲ ಬೇರೆ, ಎಲ್ಲವನ್ನೂ ರಜೆಯೊಂದರ ಮೇಲೆ ಹೊರಿಸಲಾರೆ. ಆದರೂ ಆ ರಾತ್ರಿ ಪುಸ್ತಕ ಮುಚ್ಚಿ ಬಹಳ ಹೊತ್ತು ಹಾಗೆಯೇ ಕುಳಿತಿದ್ದೆ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆಯವರು ಹುಡುಗನಾಗಿ ಆಡಿ ಬೆಳೆದದ್ದೂ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಸಮಾರಂಭವಿದ್ದ ದಿನ ಅಲ್ಲಿಯೂ ಆಟವಿರಲಿಲ್ಲ. ಆ ಕಥೆಯನ್ನು ಸೌಲಭ್ಯವಿಲ್ಲದ ಕಾಲದ ಕಷ್ಟವೆಂದೇ ಮಕ್ಕಳಿಗೆ ಹೇಳುತ್ತಾ ಬಂದಿದ್ದೆ.

ಜುಲೈ 14ರಿಂದ ವಾರವನ್ನು ಬದಲಿಸಿದೆ. ಸೋಮವಾರ, ಬುಧವಾರ, ಶುಕ್ರವಾರ ಭಾರ. ಮಂಗಳವಾರ, ಗುರುವಾರ ಒಂದೇ ಗಂಟೆ, ಬುಟ್ಟಿ ಇಲ್ಲ, ಜಿಗಿತದ ಸ್ಮ್ಯಾಶ್ ಇಲ್ಲ, ಸರ್ವಿಸ್ ಮತ್ತು ಕೈಚಳಕ. ಶನಿವಾರ ಒಂದೂವರೆ ಗಂಟೆ ಡಬಲ್ಸ್. ಅದೇ 16ರ ಹುಡುಗನ ಮೊದಲ ಹೊಸ ವಾರ: 840, 180, 770, 180, 700, 360, 0. ಒಟ್ಟು 3,030, ಏಕತಾನತೆ 1.29, ಒತ್ತಡಾಂಕ ಸುಮಾರು 3,900. ಭಾರದ ದಿನಗಳು ಮೊದಲಿಗಿಂತ ಭಾರವಾಗಿವೆ ಎಂಬುದನ್ನು ಗಮನಿಸಿ. ತಾಜಾ ಕಾಲಿನಿಂದ ಬಂದ ಹುಡುಗ 7ರ ತೀವ್ರತೆಯಲ್ಲಿ ಆಡಬಲ್ಲ. ಮೊದಲು ಎಲ್ಲ ದಿನವೂ 6ರಲ್ಲಿ ತೆವಳುತ್ತಿದ್ದ.

ಇದೇ ಹೊತ್ತಿನಲ್ಲಿ ಪ್ರಯತ್ನಿಸಿ ಬಿಟ್ಟದ್ದು ಒಂದಿದೆ: ಈ ವಾರದ ಹೊರೆಯನ್ನು ನಾಲ್ಕು ವಾರದ ಸರಾಸರಿಯಿಂದ ಭಾಗಿಸುವ ಅನುಪಾತ. ಒಬ್ಬ ಹುಡುಗಿ ಪರೀಕ್ಷೆಗೆಂದು ಎರಡು ವಾರ ಬರಲಿಲ್ಲ. ಅವಳ ನಾಲ್ಕು ವಾರ 3000, 0, 0, 2600. ಸರಾಸರಿ 1400, ಅನುಪಾತ 1.86. ಅಪಾಯದ ಗೆರೆಯೆಂದು ಹೇಳುವ 1.5ರ ಆಚೆ. ಅವಳು ಮಾಡಿದ್ದು ತನ್ನ ಎಂದಿನ ವಾರಕ್ಕಿಂತ ಕಡಿಮೆಯೇ. ಈ ಅನುಪಾತದ ಮೇಲೆ ತಜ್ಞರಲ್ಲೂ ಜಗಳವಿದೆ, ನಾನು ನಡುವೆ ಹೋಗಲಿಲ್ಲ. ಎರಡು ವಾರ ತಪ್ಪಿಸಿಕೊಂಡವರಿಗೆ ಮೊದಲ ವಾರ ಮೂರನೆಯ ಎರಡು ಪಾಲು ಮಾತ್ರ ಎಂಬ ಕೈಲೆಕ್ಕ ಇಟ್ಟುಕೊಂಡಿದ್ದೇನೆ.

ಹಂತ 7: ಕೋರ್ಟಿನ ಹೊರಗಿನ ಹೊರೆ (ಜುಲೈ 21ರಿಂದ ಆಗಸ್ಟ್ 17)

13 ವರ್ಷದ ಒಬ್ಬನ ಜಿಗಿತ 27.8ರಿಂದ ಗುರುವಾರ 25.6ಕ್ಕೂ, ಸೋಮವಾರ 25.1ಕ್ಕೂ ಇಳಿಯಿತು. ಹೊರೆ ನೋಡಿದರೆ ತಂಡದಲ್ಲೇ ಕಡಿಮೆ. ನಿದ್ದೆಗೆ 4 ಕೊಟ್ಟಿದ್ದಾನೆ. ಹಲಗೆ ಕೆಟ್ಟಿತೆಂದುಕೊಂಡು ನಾನೇ ಜಿಗಿದು ನೋಡಿದೆ, ಸರಿಯಿತ್ತು. ಕರೆದು ಕೂರಿಸಿ ಬೆಳಗಿನಿಂದ ರಾತ್ರಿವರೆಗೆ ಏನೇನು ಮಾಡುತ್ತೀಯ ಹೇಳು ಎಂದೆ.

‘ಸಾರ್, ಶಾಲೆಯಲ್ಲಿ ಖೋ ಖೋ ಪ್ರಾಕ್ಟೀಸ್ ಇದೆ. ತಾಲ್ಲೂಕು ಕ್ರೀಡಾಕೂಟಕ್ಕೆ.’

‘ಎಷ್ಟು ಹೊತ್ತು?’

‘ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಊಟ ಆದ ಮೇಲೆ ಅರ್ಧ ಗಂಟೆ ಸಾರ್. ನೀವು ಬ್ಯಾಡ್ಮಿಂಟನ್ನಿನದು ಮಾತ್ರ ಬರೆಯಲು ಹೇಳಿದ್ದಿರಿ.’

ಹೌದು, ನಾನು ಹಾಗೆಯೇ ಹೇಳಿದ್ದೆ. ಮೂರೂವರೆ ತಿಂಗಳ ನೋಟ್‌ಬುಕ್ಕಿನಲ್ಲಿ ಮಗುವಿನ ದಿನದ ಒಂದು ತುಂಡು ಮಾತ್ರ ಇತ್ತು. ಚೀಟಿಗೆ ‘ಹೊರಗೆ’ ಎಂಬ ಸಾಲು ಸೇರಿಸಿದೆ. ಒಬ್ಬ ದಿನವೂ ಏಳು ಕಿಲೋಮೀಟರ್ ಸೈಕಲ್ ತುಳಿದು ಬರುತ್ತಾನೆ, ಇನ್ನೊಬ್ಬಳಿಗೆ ವಾರಕ್ಕೆ ಮೂರು ದಿನ ಭರತನಾಟ್ಯ. ಶಾಲೆಯ ಪಿ.ಟಿ. ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಒಳ್ಳೆಯ ಮಾತಿನಲ್ಲಿ ಕೇಳಿಸಿಕೊಂಡು, ಕ್ರೀಡಾಕೂಟ ಮುಗಿಯುವವರೆಗೆ ಅವನನ್ನು ಬ್ಯಾಡ್ಮಿಂಟನ್ ಅಭ್ಯಾಸದಿಂದ ಬಿಟ್ಟುಕೊಡಿ ಎಂದರು. ಸೋಮವಾರ ಮತ್ತು ಗುರುವಾರ ಜಿಗಿತಕ್ಕೆ ಮಾತ್ರ ಬಂದು ಹೋಗುವಂತೆ ಮಾಡಿ ಎರಡು ವಾರ ಬಿಟ್ಟುಕೊಟ್ಟೆ. ಕೂಟ ಮುಗಿದು ಎಂಟು ದಿನಕ್ಕೆ ಅವನ ಜಿಗಿತ 27.5.

ಕಣಕಾಲಿನ ಹುಡುಗಿ ಏಪ್ರಿಲ್ ಕೊನೆಯಲ್ಲಿ ಮರಳಿದ್ದಳು. ಆಗಸ್ಟ್ 6ರಂದು ಅವಳ ಚೀಟಿಯಲ್ಲಿ ಬಲ ಕಣಕಾಲಿನ ಒಳಬದಿಗೆ ಒಂದು ಚುಕ್ಕೆ, ಪಕ್ಕದಲ್ಲಿ 2. ಪೆನ್ನಿನ ತುದಿ ಅಲ್ಲಿ ಎರಡು ಬಾರಿ ಒತ್ತಿದ ಗುರುತಿತ್ತು; ಇಡಲೋ ಬೇಡವೋ ಎಂದು ಯೋಚಿಸಿದ್ದಾಳೆ. ಚೀಟಿ ಕೊಡುವಾಗ ನನ್ನ ಮುಖ ನೋಡಲಿಲ್ಲ. ನಾನೂ ಏನೂ ದೊಡ್ಡದು ಮಾಡದೆ ಆ ದಿನ ಕುರ್ಚಿಯ ಮೇಲೆ ಕುಳಿತು ಸರ್ವಿಸ್ ಎಣಿಸುವ ಕೆಲಸ ಕೊಟ್ಟೆ, ಅವಳ ಅಮ್ಮನಿಗೆ ಫೋನ್ ಮಾಡಿ ಮರುದಿನ ವೈದ್ಯರಿಗೆ ತೋರಿಸಲು ಹೇಳಿದೆ. ಈ ಬಾರಿ ವೈದ್ಯರು ಅದೇ ಪ್ರಶ್ನೆ ಕೇಳಿದಾಗ ನಾಲ್ಕು ವಾರದ ಹಾಳೆಗಳನ್ನು ಅವರ ಮೇಜಿನ ಮೇಲೆ ಇಟ್ಟೆ. ಎಲುಬಿಗೆ ಏನೂ ಆಗಿರಲಿಲ್ಲ, ಸ್ನಾಯುವಿನ ನೋವು. ಐದು ದಿನ ಜಿಗಿತ ಬೇಡ ಎಂದರು. ಹನ್ನೊಂದನೆಯ ತಾರೀಖಿನ ಚೀಟಿಯಲ್ಲಿ ಚುಕ್ಕೆ ಇಲ್ಲ.

ಈಗಿನ ಸ್ಥಿತಿ

ಒಟ್ಟು ಖರ್ಚು 2,880 ರೂಪಾಯಿ, ಅದರಲ್ಲಿ ಅಲ್ಯೂಮಿನಿಯಂ ಹಾಳೆ ಮತ್ತು ತಗಡಿಗೆ ಸುರಿದ 510 ವ್ಯರ್ಥ. ದಿನಕ್ಕೆ ನನ್ನ ಸಮಯ 25 ನಿಮಿಷ, ಭಾನುವಾರ ಕೋಷ್ಟಕಕ್ಕೆ ಒಂದು ಗಂಟೆ. ಹಣದ ಮಟ್ಟಿಗೆ ಒಂದನ್ನೇ ಮಾಡಬಹುದು ಎನ್ನುವವರು ಹಲಗೆ ಬಿಟ್ಟು ಚೀಟಿ ಮತ್ತು ರಬ್ಬರ್ ಮುದ್ರೆಯಿಂದ ಶುರು ಮಾಡಿ.

ಬಾಕಿ ಕೆಲಸ ಎರಡಿವೆ. ಎರಡು ಕಾಲಿನ ಜಿಗಿತದಲ್ಲಿ ಬಲಗಾಲಿನ ದಣಿವು ಎಡಗಾಲಿನ ಹಿಂದೆ ಅಡಗುತ್ತದೆ, ಒಂಟಿ ಕಾಲಿನ ಜಿಗಿತಕ್ಕೆ ಹಲಗೆಯನ್ನು ಹೊಂದಿಸಬೇಕು. ಚಿಕ್ಕ ಮಕ್ಕಳು ಒಂಟಿ ಕಾಲಲ್ಲಿ ಇಳಿಯುವಾಗ ವಾಲುವುದರಿಂದ ಅಳತೆ ಇನ್ನೂ ಹಿಡಿತಕ್ಕೆ ಬಂದಿಲ್ಲ. ಜಾಲರಿಯ ಬಲ ಅಂಚಿನ ಹೊಲಿಗೆ ಮತ್ತೆ ಬಿಚ್ಚಿಕೊಂಡಿದೆ. ಭಾನುವಾರ ದಬ್ಬಳ ಹಿಡಿದು ಕೂರಬೇಕು.